ಖುರ್ಚಿ ಮೇಲಿದ್ದವರಿಗೆ ಸಾಕಾಗಿ ಹೋದರೆ ಊರಿಗೇನು ನಷ್ಟ?

"ಸಾಕಾಗ್ಯಾದ್ರಿ." ನಮ್ಮ ಬೇಮಳಖೇಡ ಭಾಗದಲ್ಲಿ ಈ ಮಾತು ಎಲ್ಲರ ಬಾಯಲ್ಲೂ ಇದೆ. ಹೊಲದಿಂದ ಬಂದವರು ಅಂತಾರೆ, ಹೈದರಾಬಾದಿಗೆ ದುಡಿಯಲು ಹೋಗಿ ಬಂದವರು ಅಂತಾರೆ. ಇವರದು ಮೈ ದಣಿವು. ಎರಡು ದಿನ ಮಲಗಿದರೆ, ಒಂದು ಜಾತ್ರೆ ಮುಗಿಸಿ ಬಂದರೆ ಹೋಗುತ್ತದೆ.

ಅದೇ ಮಾತನ್ನು ಗ್ರಾಮ ಪಂಚಾಯಿತಿ ಅಧ್ಯಕ್ಷರು, ಸಂಘದ ಪ್ರತಿನಿಧಿ ಅಕ್ಕ, ಸಾಲಿಯ ಹೆಡ್ ಮಾಸ್ತರರು ಹೇಳಿದಾಗ ನಾವು ಅದನ್ನೂ ಅದೇ ಲೆಕ್ಕಕ್ಕೆ ಹಾಕಿ ಮುಂದೆ ಹೋಗುತ್ತೇವೆ. "ಖುರ್ಚಿ ಮ್ಯಾಲ ಕುಂತಾರ, ಅವರಿಗೇನ್ ಸಾಕಾಗ್ಯಾದ?" ಅಂತ ನಗುತ್ತೇವೆ. ಈ ನಗು ಊರಿಗೆ ದುಬಾರಿ ಬೀಳುತ್ತಿದೆ ಅನ್ನುವುದು ನಮ್ಮ ಅಭಿಪ್ರಾಯ.

ಇಂಗ್ಲಿಷಿನವರು ಇದಕ್ಕೆ ಬರ್ನ್‌ಔಟ್ ಅಂತ ಹೆಸರಿಟ್ಟಿದ್ದಾರೆ. ಸುಟ್ಟು ಹೋಗುವುದು ಅಂತ ಅರ್ಥ. ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೋರ್‌ವೆಲ್‌ನಲ್ಲಿ ನೀರು ಕೆಳಗಿಳಿದ ಮೇಲೂ ಮೋಟರ್ ಓಡಿಸುತ್ತಲೇ ಇದ್ದರೆ ಏನಾಗುತ್ತದೆ? ವೋಲ್ಟೇಜ್ ಕಡಿಮೆ ಇದ್ದಾಗ ಪೂರ್ತಿ ನೀರು ಎತ್ತು ಅಂದರೆ ಏನಾಗುತ್ತದೆ? ಕಾಯಿಲ್ ಸುಡುತ್ತದೆ. ಬಿಚ್ಚಿ ಹುಮನಾಬಾದಿಗೆ ಒಯ್ದು ರಿವೈಂಡಿಂಗ್ ಮಾಡಿಸಬೇಕು. ಆಗ ಯಾರೂ "ಈ ಮೋಟರ್ ಸೋಮಾರಿ" ಅನ್ನುವುದಿಲ್ಲ. ನೀರಿಲ್ಲದೆ ಓಡಿಸಿದೆವು, ಕರೆಂಟು ಸರಿ ಇರಲಿಲ್ಲ ಅನ್ನುತ್ತೇವೆ. ಮನುಷ್ಯ ಸುಟ್ಟಾಗ ಮಾತ್ರ ತಪ್ಪೆಲ್ಲ ಆ ಮನುಷ್ಯನದೇ ಆಗುತ್ತದೆ.

ಈ ಹೆಸರು ಹುಟ್ಟಿದ ಜಾಗ ಕೇಳಿದರೆ ನಿಮಗೆ ಆಶ್ಚರ್ಯವಾಗಬಹುದು. ದೊಡ್ಡ ಕಂಪನಿಯ ಸಾಹೇಬರನ್ನು ನೋಡಿ ಇಟ್ಟ ಹೆಸರಲ್ಲ ಇದು. ಅಮೆರಿಕದ ನ್ಯೂಯಾರ್ಕ್‌ನಲ್ಲಿ ಬಡವರಿಗೆ ಪುಕ್ಕಟೆ ಚಿಕಿತ್ಸೆ ಕೊಡುವ ದವಾಖಾನೆಯೊಂದರಲ್ಲಿ ಸೇವೆ ಮಾಡುತ್ತಿದ್ದವರನ್ನು ನೋಡಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞ 1974ರಲ್ಲಿ ಇದರ ಬಗ್ಗೆ ಬರೆದ. ಅವನೂ ಅಲ್ಲೇ ಸೇವೆ ಮಾಡುತ್ತಿದ್ದ. ಅವನಿಗೆ ಕಂಡದ್ದು ಇಷ್ಟು: ಕೆಲಸಗಳ್ಳರು ಸುಡುವುದಿಲ್ಲ, ಜನರಿಗೆ ಏನಾದರೂ ಮಾಡಬೇಕು ಅಂತ ಮೈ ಮರೆತು ದುಡಿದವರೇ ಮೊದಲು ಸುಡುತ್ತಾರೆ. ಪಂಚಾಯಿತಿಗೆ ಕಾಲಿಡದ ಸದಸ್ಯರಿಗೆ ಯಾವ ಬ್ಯಾಸರವೂ ಆಗುವುದಿಲ್ಲ, ನೀವೇ ನೋಡಿರುತ್ತೀರಿ.

2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಕೆಲಸದಿಂದ ಬರುವ ಸ್ಥಿತಿ ಎಂದು ವಿವರಿಸಿತು. ರೋಗ ಎಂದು ಕರೆಯಲಿಲ್ಲ. ಅದಕ್ಕೆ ಮೂರು ಗುರುತು ಹೇಳಿತು: ಒಳಗಿನ ಶಕ್ತಿ ಖಾಲಿಯಾಗುವುದು, ಕೆಲಸದಿಂದ ಮನಸ್ಸು ದೂರ ಸರಿದು ಅದರ ಬಗ್ಗೆ ಕಹಿ ಹುಟ್ಟುವುದು, ನನ್ನಿಂದ ಏನೂ ಆಗುತ್ತಿಲ್ಲ ಅನ್ನಿಸುವುದು. ನಮ್ಮ ಕಡೆಯ ಮಾತಿನಲ್ಲಿ ಹೇಳಿದರೆ ಮೊದಲನೆಯದು "ಸಾಕಾಗ್ಯಾದ", ಎರಡನೆಯದು "ಈ ಮಂದಿಗಿ ಎಷ್ಟ್ ಮಾಡಿದ್ರೂ ಅಷ್ಟೇ", ಮೂರನೆಯದು "ನಾ ಇದ್ರೂ ಅಷ್ಟೇ, ಇಲ್ಲದಿದ್ರೂ ಅಷ್ಟೇ". ಮೊದಲನೆಯದನ್ನು ಕೇಳಿದಾಗಲೇ ಎಚ್ಚರಾಗಬೇಕು. ಮೂರನೆಯದಕ್ಕೆ ಬಂದವರನ್ನು ಹಿಂದಕ್ಕೆ ಕರೆತರುವುದು ಕಷ್ಟ.

ಈಗ ನಮ್ಮ ಊರುಗಳ ಖುರ್ಚಿಗಳನ್ನು ಒಂದೊಂದಾಗಿ ನೋಡೋಣ.

ಗ್ರಾಮ ಪಂಚಾಯಿತಿ ಅಧ್ಯಕ್ಷರ ಅವಧಿ 30 ತಿಂಗಳು, ಅಂದರೆ ಎರಡೂವರೆ ವರ್ಷ. ಅರ್ಧದಷ್ಟು ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲು. ಮೊದಲ ಆರು ತಿಂಗಳು ಕಾಗದ ಪತ್ರ ತಿಳಿಯುವುದರಲ್ಲೇ ಹೋಗುತ್ತದೆ. ಕ್ರಿಯಾಯೋಜನೆ ಎಂದರೇನು, ಹದಿನೈದನೇ ಹಣಕಾಸಿನ ದುಡ್ಡು ಯಾವುದಕ್ಕೆ ಬಳಸಬಹುದು, ಇ-ಸ್ವತ್ತು ಯಾಕೆ ನಿಂತಿದೆ, ಜಮಾಬಂದಿ ಯಾವಾಗ. ಇದನ್ನೆಲ್ಲ ಕೂತು ಕಲಿಸುವವರು ಕಡಿಮೆ. ಆದರೆ ಫೋನ್ ಮೊದಲ ದಿನದಿಂದಲೇ ಶುರು. ನಳಕ್ಕೆ ನೀರು ಬಂದಿಲ್ಲ, ಬೀದಿ ದೀಪ ಹೋಗಿದೆ, ನಾಲಿ ತುಂಬಿದೆ, ಮನೆ ಮಂಜೂರಿ ಪಟ್ಟಿಯಲ್ಲಿ ನನ್ನ ಹೆಸರು ಯಾಕಿಲ್ಲ. ರಾತ್ರಿ ಹತ್ತಕ್ಕೂ ಅದೇ, ಬೆಳಿಗ್ಗೆ ಐದಕ್ಕೂ ಅದೇ. ಎತ್ತದಿದ್ದರೆ "ದೊಡ್ಡವರಾಗ್ಯಾರ" ಅನ್ನುವ ಮಾತು.

ಅಧ್ಯಕ್ಷೆ ಹೆಣ್ಣುಮಗಳಾದರೆ ಇನ್ನೊಂದು ಪಾಳಿ ಸೇರುತ್ತದೆ. ರೊಟ್ಟಿ ಬಡಿದು, ಮಕ್ಕಳನ್ನು ಸಾಲಿಗೆ ಕಳಿಸಿ, ಕಸ ತೆಗೆದು ಪಂಚಾಯಿತಿಗೆ ಬರುವಷ್ಟರಲ್ಲಿ ಒಂದು ದಿನದ ದುಡಿಮೆ ಆಗಿರುತ್ತದೆ. ಅಲ್ಲಿ ಬಂದರೆ "ಯಜಮಾನ್ರು ಬಂದಿಲ್ಲೇನ್ರಿ ಅಕ್ಕೋರೆ?" ಅಂತ ಕೇಳುತ್ತಾರೆ. ಕೆಲಸ ಇವರದು, ಬೈಗುಳ ಇವರದು, ಮಾತು ಇನ್ನೊಬ್ಬರದು. ದುಡಿದದ್ದರ ಹೆಸರೂ ತನಗೆ ದಕ್ಕದಿದ್ದಾಗ ಮನುಷ್ಯ ಎಷ್ಟು ಬೇಗ ಬತ್ತುತ್ತಾನೆ ಅನ್ನುವುದನ್ನು ನೋಡಬೇಕಿದ್ದರೆ ಇಂಥ ಅಧ್ಯಕ್ಷೆಯ ಹತ್ತಿರ ಅರ್ಧ ಗಂಟೆ ಕೂತರೆ ಸಾಕು. ಜೊತೆಗೆ ಆಗಸ್ಟ್ 15 ಬಂತೆಂದರೆ ಶುಭಾಶಯದ ಜಾಹೀರಾತು ಕೊಡಿ ಅಂತ ಬೆನ್ನು ಹತ್ತುವ ಪತ್ರಿಕೆಯವರು ಬೇರೆ! ನಮ್ಮ ಕಸುಬಿನವರೇ ಆದರೂ ಹೇಳದೆ ಇರಲಾಗದು.

ಇಲ್ಲಿ ಊರಿನ ನಷ್ಟ ಶುರುವಾಗುವುದು ಎಲ್ಲಿ ಗೊತ್ತೇ? ಸಹಿಯಲ್ಲಿ. ಪಂಚಾಯಿತಿಯ ದುಡ್ಡು ಹೊರಗೆ ಹೋಗಬೇಕಾದರೆ ಅಧ್ಯಕ್ಷರ ಮತ್ತು ಪಿಡಿಒ ಅವರ ಡಿಜಿಟಲ್ ಸಹಿ ಬೇಕು. ಪೆನ್‌ಡ್ರೈವ್ ತರಹದ ಸಣ್ಣ ಕೀ ಅದು, ಕೆಲವರು ಡೋಂಗಲ್ ಅಂತಾರೆ. ಶಕ್ತಿ ಇರುವ ಅಧ್ಯಕ್ಷರು "ಇದು ಯಾವ ಕಾಮಗಾರಿ ಬಿಲ್, ಜಾಗ ನೋಡ್ಬೇಕು ನಾನು" ಅಂತಾರೆ. ಸಾಕಾಗಿ ಹೋದವರು "ತಗೊಂಡು ಹೋಗ್ರಿ, ಏನ್ ಬೇಕಾದ್ರೂ ಮಾಡ್ಕೊಳ್ರಿ" ಅಂತ ಕೀ ಕೊಟ್ಟುಬಿಡುತ್ತಾರೆ. ಕಳ್ಳತನ ಮಾಡಬೇಕೆಂದು ಕೊಟ್ಟದ್ದಲ್ಲ. ಓದಿ ನೋಡುವ ತ್ರಾಣ ಇಲ್ಲದೆ ಕೊಟ್ಟದ್ದು. ಆ ಕೀ ಯಾರ ಕಿಸೆಯಲ್ಲಿ ತಿರುಗುತ್ತದೆ, ಆಗದ ರಸ್ತೆಗೆ ಬಿಲ್ ಹೇಗೆ ಆಗುತ್ತದೆ ಅನ್ನುವುದನ್ನು ನಾವು ಬಿಡಿಸಿ ಬರೆಯಬೇಕಿಲ್ಲ. ಭ್ರಷ್ಟಾಚಾರಕ್ಕೆ ಆಸೆಯೊಂದೇ ಕಾರಣ ಅಂತ ನಾವು ನಂಬಿದ್ದೇವೆ. ದಣಿವೂ ಒಂದು ಕಾರಣ. ಹಾಗಂತ ತಪ್ಪು ಮಾಫಿ ಆಗುವುದಿಲ್ಲ, ಸಹಿ ಹಾಕಿದವರೇ ಉತ್ತರ ಕೊಡಬೇಕು. ಆದರೆ ಆ ದಣಿವು ಮೊದಲೇ ಕಂಡಿದ್ದರೆ ಊರಿನ ದುಡ್ಡು ಉಳಿಯುತ್ತಿತ್ತು.

ಪಿಡಿಒಗಳ ಕತೆ ಬಹಳ ಹೇಳುವುದಿಲ್ಲ. ಹುದ್ದೆ ಖಾಲಿ ಇದ್ದ ಕಡೆ ಒಬ್ಬರೇ ಎರಡು ಪಂಚಾಯಿತಿ ನೋಡುತ್ತಾರೆ. ಸೋಮವಾರ ಇಲ್ಲಿ, ಮಂಗಳವಾರ ಅಲ್ಲಿ, ಬುಧವಾರ ತಾಲೂಕು ಪಂಚಾಯಿತಿ ಮೀಟಿಂಗ್. 2024ರ ಅಕ್ಟೋಬರ್‌ನಲ್ಲಿ ಇವರೂ ಪಂಚಾಯಿತಿ ಸಿಬ್ಬಂದಿಯೂ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತಿದ್ದು ನಿಮಗೆ ನೆನಪಿರಬಹುದು. ನರೇಗಾದ ಕಾಯಕ ಬಂಧುಗಳದು ಇನ್ನೊಂದು. 2023ರ ಜನವರಿಯಿಂದ ಕೂಲಿಕಾರರ ಫೋಟೋವನ್ನು ದಿನಕ್ಕೆ ಎರಡು ಸಲ ಆ್ಯಪ್‌ಗೆ ಹಾಕುವುದು ಕಡ್ಡಾಯವಾಯಿತು. ಕೆರೆ ಅಂಗಳದಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಕೂಲಿ ಹೋಗುವುದು ಅಕ್ಕಪಕ್ಕದವರದು, ಬೈಸಿಕೊಳ್ಳುವುದು ಕಾಯಕ ಬಂಧು. ಕೈಯಲ್ಲಿ ಅಧಿಕಾರ ಇಲ್ಲ, ಜವಾಬ್ದಾರಿ ಪೂರ್ತಿ. ಸುಡಲು ಇದಕ್ಕಿಂತ ಒಳ್ಳೆ ದಾರಿ ಇಲ್ಲ.

ಸಂಘದ ಅಕ್ಕಂದಿರ ವಿಷಯಕ್ಕೆ ಬರೋಣ, ಇದು ನಮಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ಬೀದರ್ ಜಿಲ್ಲೆ ಸ್ವಸಹಾಯ ಸಂಘಗಳಿಗೆ ಹೆಸರಾದ ಜಿಲ್ಲೆ. ಡಿಸಿಸಿ ಬ್ಯಾಂಕು ಸಂಘಗಳಿಗೆ ಸಾಲ ಕೊಟ್ಟ ರೀತಿಯನ್ನು ನೋಡಲು ಹೊರಗಿನವರು ಬಂದು ಹೋಗಿದ್ದಾರೆ. 10ರಿಂದ 20 ಜನರ ಸಂಘ, ಅದಕ್ಕೆ ಇಬ್ಬರು ಪ್ರತಿನಿಧಿಗಳು. ಕಾಗದದ ಮೇಲೆ ಇಬ್ಬರು. ನಿಜವಾಗಿ ಓಡಾಡುವುದು ಒಬ್ಬರು, ಅದೂ ನಾಲ್ಕಕ್ಷರ ಓದಿದ ಅಕ್ಕ. ಬ್ಯಾಂಕಿಗೆ ಅವರೇ, ಒಕ್ಕೂಟದ ಸಭೆಗೆ ಅವರೇ, ಪುಸ್ತಕ ಬರೆಯುವುದು ಅವರೇ. ಒಮ್ಮೆ ಆರಿಸಿದರೆ ಎಂಟು ಹತ್ತು ವರ್ಷ ಅವರೇ. "ನೀವೇ ಚಂದ ಮಾಡ್ತೀರಿ ಅಕ್ಕಾ" ಅನ್ನುವ ಹೊಗಳಿಕೆಯಲ್ಲಿ ಅವರ ಬೆನ್ನ ಮೇಲೆ ಮೂಟೆ ಏರಿಸಿ ಉಳಿದವರು ಹಗುರಾಗುತ್ತೇವೆ.

ಕಂತು ತಪ್ಪಿದಾಗ ಈ ಮೂಟೆಯ ಭಾರ ಗೊತ್ತಾಗುತ್ತದೆ. ಒಬ್ಬರು ಊರು ಬಿಟ್ಟು ಹೈದರಾಬಾದಿಗೋ ಪುಣೆಗೋ ಹೋದರು, ಫೋನ್ ಎತ್ತುವುದಿಲ್ಲ. ಬ್ಯಾಂಕಿನವರು ಕೇಳುವುದು ಪ್ರತಿನಿಧಿಯನ್ನು. ಸಂಘದ ಜೊತೆಗೆ ಖಾಸಗಿ ಫೈನಾನ್ಸ್‌ನ ಗುಂಪು ಸಾಲವೂ ಇದ್ದರೆ ಅಲ್ಲೂ ಗುಂಪಿನ ಲೀಡರ್ ಹೆಚ್ಚಾಗಿ ಇದೇ ಅಕ್ಕ. ವಾರದ ವಸೂಲಿ ಕೂರುವುದು ಅವರ ಮನೆ ಅಂಗಳದಲ್ಲೇ. ಕಟ್ಟದವರ ಮನೆಗೆ ಹೋಗಿ ಕೇಳಬೇಕು, ಕೇಳಿದರೆ ಓಣಿಯಲ್ಲಿ ವೈರ, ಕೇಳದಿದ್ದರೆ ತನ್ನ ಕಿವಿಯೋಲೆ ಅಡ ಇಟ್ಟು ಕಟ್ಟಬೇಕು. ಬಲವಂತದ ವಸೂಲಿ ತಡೆಯಲು 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು, ಆಮೇಲೆ ಅದು ಕಾಯ್ದೆಯೂ ಆಯಿತು. ಸಾಲಗಾರರ ಮನೆ ಬಾಗಿಲಲ್ಲಿ ಗಲಾಟೆ ಮಾಡುವವರಿಗೆ ಅದು ಹೆದರಿಕೆ ಹುಟ್ಟಿಸಬಹುದು. ಆದರೆ ಓಣಿಯ ಹೆಣ್ಣುಮಗಳನ್ನೇ ವಸೂಲಿಗಾರಳನ್ನಾಗಿ ಮಾಡುವ ಪದ್ಧತಿಯನ್ನು ಯಾವ ಕಾಯ್ದೆ ತಡೆಯುತ್ತದೆ? ಅದನ್ನು ಸಂಘದವರೇ ತಡೆಯಬೇಕು. ಕಂತು ಕೇಳಲು ಹೋಗುವುದಾದರೆ ಇಡೀ ಸಂಘ ಹೋಗಬೇಕು, ಒಬ್ಬರನ್ನೇ ಕಳಿಸಬಾರದು.

ಸಾಲಿಯ ಹೆಡ್ ಮಾಸ್ತರರು ಹಲವು ಕಡೆ ಪ್ರಭಾರಿ. ತರಗತಿಯೂ ನೋಡಬೇಕು, ಬಿಸಿಯೂಟದ ಅಕ್ಕಿ ಬೇಳೆ ತತ್ತಿಯ ಲೆಕ್ಕವೂ ಬರೆಯಬೇಕು, ಮಕ್ಕಳ ವಿವರ ಆನ್‌ಲೈನ್‌ನಲ್ಲಿ ತುಂಬಬೇಕು. ಒಂದು ಕಾಲದಲ್ಲಿ ಹಾಡು ಕಲಿಸುತ್ತಿದ್ದ ಗುರುಗಳು ಈಗ ಸುಮ್ಮನೆ ಬೋರ್ಡಿನ ಮೇಲೆ ಪ್ರಶ್ನೋತ್ತರ ಬರೆದು ಕೂರುತ್ತಾರೆ ಅಂದರೆ ಅವರು ಕೆಟ್ಟವರಾದರು ಅಂತಲ್ಲ.

ಹಾಗಾದರೆ ಗುರುತಿಸುವುದು ಹೇಗೆ? ಅವರಾಗಿ ಹೇಳುವುದಿಲ್ಲ. ಮುಂದಾಳು ಅನ್ನಿಸಿಕೊಂಡವರಿಗೆ ಹೇಳಲು ನಾಚಿಕೆ. ಸುತ್ತ ಇರುವವರೇ ನೋಡಬೇಕು. ಫೋನ್ ಬಾರಿಸಿದ ಕೂಡಲೇ ಮುಖ ಸಣ್ಣದಾಗುವುದು. ಎಲ್ಲರ ಹತ್ತಿರ ನಗುತ್ತಾ ಮಾತಾಡಿ ಮನೆಗೆ ಬಂದು ಮಕ್ಕಳ ಮೇಲೆ ರೇಗುವುದು. ನಡುರಾತ್ರಿ ಮೂರಕ್ಕೆ ಎಚ್ಚರಾಗಿ ಮತ್ತೆ ನಿದ್ದೆ ಬಾರದಿರುವುದು. ಕಟ್ಟೆಗೆ ಬರುತ್ತಿದ್ದವರು ಹಿಂದಿನ ಓಣಿಯಿಂದ ಹಾದು ಹೋಗುವುದು. ಗುಟ್ಕಾ, ಕುಡಿತ ಹೆಚ್ಚಾಗುವುದು. ಓದದೆ ಸಹಿ ಹಾಕುವುದು. ಇವುಗಳಲ್ಲಿ ಒಂದು ಕಂಡರೆ ಗಾಬರಿ ಬೇಡ, ಸುಗ್ಗಿಯಲ್ಲಿ ಎಲ್ಲರಿಗೂ ಹಾಗೇ ಇರುತ್ತದೆ. ಮೂರ್ನಾಲ್ಕು ಸೇರಿ ತಿಂಗಳುಗಟ್ಟಲೆ ಹೋಗದಿದ್ದರೆ ಅದು ಬರೀ ದಣಿವಲ್ಲ. ಮನೆಯವರಿಗೆ ಇದು ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ, ಆದರೆ ಅವರು ಯಾರ ಮುಂದೆ ಹೇಳಬೇಕು?

ಪರಿಹಾರ ಅಂದಾಗ ಪೇಟೆಯ ಪುಸ್ತಕಗಳು ಯೋಗ ಮಾಡಿ, ಪ್ರವಾಸ ಹೋಗಿ ಅನ್ನುತ್ತವೆ. ಮಾಡುವವರು ಮಾಡಲಿ, ಒಳ್ಳೆಯದೇ. ಆದರೆ ನೀರಿಲ್ಲದ ಬೋರ್‌ನಲ್ಲಿ ಮೋಟರ್ ಇಳಿಸಿ, ಮೇಲೆ ಹೂವಿನ ಹಾರ ಹಾಕಿದರೆ ಏನು ಬಂತು? ಕೆಲಸದ ಹಂಚಿಕೆ ಬದಲಾಗಬೇಕು.

ಈ ಹಂಚಿಕೆಯ ಪಾಠಕ್ಕೆ ನಾವು ದೂರ ಹೋಗಬೇಕಿಲ್ಲ, ಕಲ್ಯಾಣ ನಮ್ಮ ಪಕ್ಕದಲ್ಲೇ ಇದೆ. ಹನ್ನೆರಡನೇ ಶತಮಾನದಲ್ಲಿ ಬಸವಣ್ಣನವರು ಬಿಜ್ಜಳನ ಭಂಡಾರಿ. ಖಜಾನೆ ಅವರ ಕೈಯಲ್ಲಿ, ಮಹಾಮನೆಯ ದಾಸೋಹ ಅವರದು, ಶರಣರನ್ನು ಕೂಡಿಸಿದವರು ಅವರು. ಆದರೆ ಅನುಭವ ಮಂಟಪದ ಶೂನ್ಯ ಸಿಂಹಾಸನದ ಮೇಲೆ ಕೂತದ್ದು ಅಲ್ಲಮಪ್ರಭುಗಳು ಎಂದು ಪರಂಪರೆ ಹೇಳುತ್ತದೆ. ಎಲ್ಲ ಮಾಡುವವರೇ ಎಲ್ಲ ಖುರ್ಚಿಯಲ್ಲೂ ಕೂರಬೇಕು ಅನ್ನುವ ಹಟ ಅಲ್ಲಿ ಇರಲಿಲ್ಲ. ಅದೇ ಮಹಾಮನೆಯ ಅಂಗಳದ ಇನ್ನೊಂದು ಕತೆ ನಿಮಗೆ ಗೊತ್ತಿರುವುದೇ. ಬಿದ್ದ ಅಕ್ಕಿ ಆಯ್ದು ತರುತ್ತಿದ್ದ ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ತಂದ. ಲಕ್ಕಮ್ಮ ಅದನ್ನು ವಾಪಸ್ ಅಲ್ಲೇ ಸುರಿದು ಬಾ ಅಂತ ಕಳಿಸಿದಳು. ಈ ಕತೆಯನ್ನು ನಾವು ಯಾವಾಗಲೂ ಆಸೆಯ ಬಗ್ಗೆ ಹೇಳುತ್ತೇವೆ. ಕೆಲಸದ ಬಗ್ಗೆಯೂ ಹೇಳಬಹುದು. ದಿನದ ಅಳತೆ ಮೀರಿ ಹೊತ್ತು ತಂದದ್ದನ್ನು ವಾಪಸ್ ಇಟ್ಟು ಬಾ ಅನ್ನುವ ಒಬ್ಬ ಲಕ್ಕಮ್ಮ ಪ್ರತಿ ಅಧ್ಯಕ್ಷರ ಮನೆಯಲ್ಲಿ ಬೇಕು.

ಕಾನೂನಿನಲ್ಲೂ ಹಂಚಿಕೆ ಇದೆ. 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲಿ ಸ್ಥಾಯಿ ಸಮಿತಿಗಳಿವೆ, ಸಾಮಾಜಿಕ ನ್ಯಾಯ ಸಮಿತಿ ಇದೆ, ವಾರ್ಡ್ ಸಭೆ ಇದೆ. ಸಾಲಿಗೆ ಎಸ್‌ಡಿಎಂಸಿ ಇದೆ. ಹೆಚ್ಚಿನ ಕಡೆ ಇವು ರಿಜಿಸ್ಟರ್‌ನಲ್ಲಿ ಮಾತ್ರ ಸಭೆ ಸೇರುತ್ತವೆ. ನೀರಿನ ದೂರು ನೀರು ಬಿಡುವ ನೌಕರರಿಗೆ, ಅಲ್ಲಿ ಆಗದಿದ್ದರೆ ಆ ವಾರ್ಡಿನ ಸದಸ್ಯರಿಗೆ, ಅಲ್ಲೂ ಆಗದಿದ್ದರೆ ಅಧ್ಯಕ್ಷರಿಗೆ ಅನ್ನುವ ಸಾಲು ಗೊತ್ತಾದರೆ ಅಧ್ಯಕ್ಷರ ಅರ್ಧ ಫೋನ್ ಕಡಿಮೆ ಆಗುತ್ತದೆ. ಇದಕ್ಕೆ ಸರ್ಕಾರದ ಆದೇಶ ಬೇಕಿಲ್ಲ. ಪಂಚಾಯಿತಿ ಗೋಡೆ ಮೇಲೆ ನಾಲ್ಕು ನಂಬರ್ ಬರೆಸಿದರೆ ಸಾಕು. ರಾತ್ರಿ ಒಂಬತ್ತರ ನಂತರ ಬೆಂಕಿ, ಹೆರಿಗೆ, ಅಪಘಾತ, ಸಾವು ಬಿಟ್ಟು ಬೇರೆ ಯಾವುದಕ್ಕೂ ಫೋನ್ ಮಾಡುವುದಿಲ್ಲ ಅಂತ ಊರವರೇ ಒಂದು ಮಾತಿಗೆ ಬರಬಹುದು. ನಾಲಿ ರಾತ್ರಿ ತುಂಬಿದರೂ ಅದನ್ನು ತೆಗೆಯುವುದು ಬೆಳಿಗ್ಗೆಯೇ.

ಸಂಘಗಳಲ್ಲಿ ಪ್ರತಿನಿಧಿ ಬದಲಾಗಲೇಬೇಕು. ಮುಂದಿನವರಿಗೆ ಓದು ಬರೆಹ ಬರುವುದಿಲ್ಲ ಅನ್ನುವುದು ನೆಪ. ಬ್ಯಾಂಕಿಗೆ ಹೋಗುವಾಗ ಪ್ರತಿ ಸಲ ಬೇರೆ ಒಬ್ಬ ಸದಸ್ಯೆಯನ್ನು ಜೊತೆಗೆ ಒಯ್ಯಿರಿ. ವರ್ಷದೊಳಗೆ ಕೌಂಟರ್ ಯಾವುದು, ಚೀಟಿ ಯಾವುದು ಅಂತ ಹತ್ತು ಜನರಿಗೆ ಗೊತ್ತಾಗುತ್ತದೆ. ಬದಲಾಯಿಸಿದರೆ ಆ ಅಕ್ಕನಿಗೆ ಅವಮಾನ ಅನ್ನುವ ಭಯವೂ ಇದೆ, ನಿಜವೇ. ಕೆಲವರಿಗೆ ಖುರ್ಚಿ ಬಿಡಲು ಮನಸ್ಸಿಲ್ಲ. ಸುಡುತ್ತಿದ್ದರೂ ಬಿಡುವುದಿಲ್ಲ, ಯಾಕೆಂದರೆ ಊರಲ್ಲಿ ಅವರನ್ನು ಗುರುತಿಸುವುದೇ ಅದರಿಂದ. ಇಂಥವರಿಗೆ ಕೆಳಗಿಳಿದ ಮೇಲೂ ಸಭೆಯಲ್ಲಿ ಒಂದು ಗೌರವದ ಜಾಗ ಇರಬೇಕು.

ಬಿಡುವುದು ಸೋಲು ಅಂತ ನಾವು ತಿಳಿದಿರುವುದರಿಂದಲೇ ಅರ್ಧ ಕಷ್ಟ. 2023ರ ಜನವರಿಯಲ್ಲಿ ನ್ಯೂಜಿಲೆಂಡ್ ದೇಶದ ಪ್ರಧಾನಿ ಜಸಿಂಡಾ ಆರ್ಡರ್ನ್, ಈ ಕೆಲಸವನ್ನು ಸರಿಯಾಗಿ ಮಾಡುವಷ್ಟು ಶಕ್ತಿ ನನ್ನಲ್ಲಿ ಉಳಿದಿಲ್ಲ ಎಂದು ಜನರ ಮುಂದೆ ಹೇಳಿ ಖುರ್ಚಿ ಬಿಟ್ಟರು. ಐದು ವರ್ಷದಲ್ಲಿ ಮಸೀದಿಗಳ ಮೇಲಿನ ದಾಳಿ, ಜ್ವಾಲಾಮುಖಿ, ಕೊರೊನಾ ಎಲ್ಲ ನೋಡಿದ್ದ ಹೆಣ್ಣುಮಗಳು. ದೇಶದ ಪ್ರಧಾನಿ ಹೇಳಬಹುದಾದ ಮಾತನ್ನು ನಮ್ಮ ಗ್ರಾಮ ಪಂಚಾಯಿತಿ ಅಧ್ಯಕ್ಷೆ ಹೇಳಿದರೆ ಕಟ್ಟೆ ಮೇಲೆ ಏನು ಮಾತು ಬರುತ್ತದೆ ಅಂತ ನೀವೇ ಊಹಿಸಿ.

ಒಂದು ಎಚ್ಚರಿಕೆ. ಸಾಕಾಗುವುದು ಬೇರೆ, ಬದುಕೇ ಬೇಡ ಅನ್ನಿಸುವುದು ಬೇರೆ. ಊಟ ನಿದ್ದೆ ಎರಡೂ ಹೋಗಿ, ಸಾಯುವ ಮಾತು ಬಂದರೆ ಅದನ್ನು ಬ್ಯಾಸರ ಅಂತ ಬಿಡಬಾರದು. ಆ ಮನುಷ್ಯನನ್ನು ಒಬ್ಬರನ್ನೇ ಬಿಡಬೇಡಿ. 14416 ಟೆಲಿ ಮಾನಸ್ ನಂಬರ್, ಪುಕ್ಕಟೆ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ. 2022ರ ಅಕ್ಟೋಬರ್‌ನಿಂದ ನಡೆಯುತ್ತಿದೆ. ಬೀದರಿನ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಬಹುದು. ಹುಚ್ಚು ಅಂದಾರು ಅನ್ನುವ ಹೆದರಿಕೆಯಿಂದ ದರ್ಗಾಕ್ಕೋ ದೇವರ ಗುಡಿಗೋ ಮಾತ್ರ ಕರೆದೊಯ್ಯುವವರಿದ್ದಾರೆ. ಅಲ್ಲಿಗೂ ಹೋಗಿ, ದವಾಖಾನೆಗೂ ಹೋಗಿ.

ನಿಮ್ಮ ಊರಿನ ಮುಂದಿನ ಗ್ರಾಮಸಭೆ ಯಾವಾಗ ಅಂತ ಪಂಚಾಯಿತಿಯಲ್ಲಿ ಕೇಳಿ. ಸಭೆ ನಡಾವಳಿಯಲ್ಲಿ ಎರಡು ವಿಷಯ ಬರೆಸಿ: ಯಾವ ದೂರು ಯಾರಿಗೆ ಹೇಳಬೇಕು ಅನ್ನುವ ಪಟ್ಟಿ, ಮತ್ತು ಡಿಜಿಟಲ್ ಸಹಿಯ ಕೀ ಈಗ ಯಾರ ಹತ್ತಿರ ಇದೆ ಅನ್ನುವ ಪ್ರಶ್ನೆ. ಎರಡನೆಯದನ್ನು ಕೇಳುವಾಗ ಜೋರು ಮಾಡಬೇಡಿ. ಮೊದಲು ಅಧ್ಯಕ್ಷರಿಗೆ ಒಂದು ಕಪ್ ಚಹಾ ಕೊಟ್ಟು, ಹ್ಯಾಂಗ ಅದೀರಿ ಅಂತ ಕೇಳಿ, ಅವರು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ.